ಅಕ್ಕನ ಹೊಟ್ಟೆಯಲ್ಲಿ ನಾಲ್ಕು ಲಂಗರು

ಫೆಬ್ರುವರಿ 3, ಮಂಗಳವಾರ

ದೊಡ್ಡ ಆಸ್ಪತ್ರೆಯವರು ಇವತ್ತು ಕರೆಸಿಕೊಂಡಿದ್ದರು. ಹೋದ ತಿಂಗಳು ಪತ್ರಿಕೆಯಲ್ಲಿ ನಾನು ಅವರ ಮೇಲೆ ಹರಿಹಾಯ್ದಿದ್ದೆ: ರೋಗಿಗಳ ಲಿಫ್ಟು ಕೆಟ್ಟು ಕೂತಿದೆ, ಜಾಹೀರಾತು ಫಲಕದ ದೀಪ ಮಾತ್ರ ಹಾಡಹಗಲಲ್ಲೂ ಉರಿಯುತ್ತದೆ ಎಂದು. ಜಗಳಕ್ಕೆ ಕರೆದಿದ್ದಾರೆಂದು ದಾರಿಯುದ್ದಕ್ಕೂ ಉತ್ತರಗಳನ್ನು ಬಾಯಿಪಾಠ ಮಾಡಿಕೊಂಡು ಹೋದೆ. ಅವರು ಕಾಫಿ ಕೊಟ್ಟರು. ನನ್ನ ಬಾಯಿಪಾಠ ವ್ಯರ್ಥವಾಯಿತು.

ವಿಷಯ ಇಷ್ಟು. ಹುಳಿನೀರು ಗಂಟಲಿಗೆ ನುಗ್ಗುವ ಎದೆಯುರಿಯವರ ಮೇಲೆ ಹೊಸ ಚಿಕಿತ್ಸೆಯ ಪ್ರಯೋಗ ನಡೆಸುತ್ತಾರಂತೆ. ಹೊಟ್ಟೆ ಕೊಯ್ಯುವುದಿಲ್ಲ. ಬಾಯಿಯ ಮೂಲಕ ಕೊಳವೆ ಇಳಿಸಿ, ಜಠರದ ಮೇಲ್ತುದಿಯನ್ನು ಒಳಗಿನಿಂದಲೇ ನೆರಿಗೆ ಹಿಡಿದು ಮಡಿಸುತ್ತಾರೆ. ಮಡಿಕೆ ಬಿಚ್ಚದಿರಲೆಂದು ಈ ಕಡೆ ಆ ಕಡೆ ಪುಟ್ಟ ಲೋಹದ ಲಂಗರುಗಳನ್ನು ಊರಿ, ನಡುವೆ ದಾರ ಎಳೆದು ಬಿಗಿಯುತ್ತಾರೆ. ಜಠರದ ಬಾಯಿ ಕಿರಿದಾಗುತ್ತದೆ, ಹುಳಿ ಮೇಲೇರುವುದಿಲ್ಲ. ಇದೆಲ್ಲ ನ್ಯಾಯವಾಗಿ ನಡೆಯುತ್ತಿದೆಯೇ ಎಂದು ನೋಡಲು ಒಂದು ನೈತಿಕ ಸಮಿತಿ ಇರಬೇಕು. ಅದರಲ್ಲಿ ವೈದ್ಯನಲ್ಲದ, ವಕೀಲನಲ್ಲದ, ಒಟ್ಟಿನಲ್ಲಿ ಏನೂ ಅಲ್ಲದ ಒಬ್ಬ ಸಾಮಾನ್ಯ ನಾಗರಿಕ ಇರಲೇಬೇಕು. ಏನೂ ಅಲ್ಲದವರಲ್ಲಿ ಊರಿನಲ್ಲಿ ನಾನೇ ಹೆಚ್ಚು ಓದಿದವನಂತೆ.

"ನಾನು ಸುಮ್ಮನೆ ತಲೆಯಾಡಿಸೋನಲ್ಲ," ಎಂದು ಮುಖದ ಮೇಲೇ ಹೇಳಿದೆ.

"ಅದಕ್ಕೇ ತಾನೇ ಕರೆದದ್ದು!" ಎಂದರು ಸಮಿತಿಯ ಅಧ್ಯಕ್ಷರು. ಅವರು ನಿವೃತ್ತ ನ್ಯಾಯಾಧೀಶರು.

ಒಪ್ಪಿಕೊಂಡೆ. ಆದರೆ ಕಣ್ಣು ತೆರೆದುಕೊಂಡೇ ಒಪ್ಪಿಕೊಂಡಿದ್ದೇನೆ. ಹೊಳೆಯ ಸೇತುವೆ ಕಟ್ಟುವಾಗಲೂ ಈ ಊರಿನಲ್ಲಿ ನಾಗರಿಕ ಸಮಿತಿಯೊಂದು ಇತ್ತು. ಸೇತುವೆ ಕುಸಿದ ಮಧ್ಯಾಹ್ನ ಆ ಸಮಿತಿ ಬಿಸ್ಕತ್ತು ತಿನ್ನುತ್ತಿತ್ತು. ಎಲ್ಲರೂ ಮರೆತಿದ್ದಾರೆ. ಜೀವಮಾನವಿಡೀ ಗ್ರಂಥಾಲಯ ನೋಡಿಕೊಂಡ ನನಗೆ ಬಿಸ್ಕತ್ತು ಯಾವುದೆಂಬುದೂ ನೆನಪಿದೆ.

ಮನೆಯಲ್ಲಿ ಹೇಳಿದಾಗ ಹೆಂಡತಿ, "ಅಂತೂ ನಿಮ್ಮ ಬಾಯಿಗೆ ಒಂದು ಕುರ್ಚಿ ಸಿಕ್ತು," ಎಂದಳು. ನಮ್ಮ ಜೊತೆಗೇ ಇರುವ ಅಕ್ಕ ನಕ್ಕು, ನಗು ಕೆಮ್ಮಾಗಿ, ಕೆಮ್ಮು ಹುಳಿನೀರಾಗಿ, ಸಿಂಕಿಗೆ ಓಡಿದಳು.

ಫೆಬ್ರುವರಿ 6, ಶುಕ್ರವಾರ

ಮೊದಲ ಸಭೆ. ಗೆದ್ದೆ.

ಸರ್ಜನ್ ಹಲ್ಲುಜ್ಜುವ ಪೇಸ್ಟಿನ ಜಾಹೀರಾತಿನವನ ಹಾಗೆ ನಗುವ ಮನುಷ್ಯ. ರೋಗಿಗಳಿಗೆ ಏನು ಹೇಳುತ್ತೇವೆಂದು ಓದಿದರು: "ವಿರಳ ಸಂದರ್ಭಗಳಲ್ಲಿ ಅಂಗಾಂಶದ ಅಖಂಡತೆಗೆ ಧಕ್ಕೆ ಒದಗುವ ಸಂಭವವಿದೆ."

"ಅಂದರೆ?" ಎಂದೆ.

"ಅಂದ್ರೆ... ಆಂಕರ್ ಕಿತ್ಕೊಂಡು ಬರಬಹುದು ಸರ್. ಅದಿದ್ದ ಜಾಗ ಹರೀಬಹುದು."

"ಹಾಗಾದರೆ ಹಾಗೇ ಹೇಳಿಬಿಡಿ. ಕೊಕ್ಕೆ ಕಿತ್ತು ಬರಬಹುದು, ಹೊಟ್ಟೆ ಒಳಗಡೆ ಹರಿಯಬಹುದು. ಜನ ಬುದ್ಧಿವಂತರು, ಅವರ ಭಾಷೇಲಿ ಹೇಳಿದರೆ."

ಅಧ್ಯಕ್ಷರು ಕನ್ನಡಕ ತೆಗೆದು, "ಇದೇ ಬೇಕಾಗಿತ್ತು ನೋಡಿ ನಮಗೆ," ಎಂದರು. ಅಖಂಡತೆಯನ್ನು ಹೊಡೆದುಹಾಕಿ, ಹರಿಯಬಹುದು ಎಂದು ಬರೆಸಿದೆ.

ಉಪಕರಣದ ಕಂಪನಿಯ ಪ್ರತಿನಿಧಿಯೂ ಬಂದಿದ್ದ. ಮಾತಾಡುವ ಮೊದಲು ಸೂಟ್‌ಕೇಸು ತೆರೆಯುವವನಾದ್ದರಿಂದ ಅವನಿಗೆ ಸೂಟ್‌ಕೇಸ್ ಎಂದೇ ಹೆಸರಿಟ್ಟಿದ್ದೇನೆ. ಅದರೊಳಗಿಂದ ರಬ್ಬರಿನ ಜಠರವೊಂದನ್ನು ತೆಗೆದು ಮೇಜಿನ ಮೇಲಿಟ್ಟ, ಹೋಟೆಲಿನಲ್ಲಿ ತಟ್ಟೆ ಇಡುವ ಹಾಗೆ. ಸಮಿತಿಯ ಮುಂದೆ ವ್ಯಾಪಾರಿಗೇನು ಕೆಲಸ? ಮುಂದಿನ ಸಭೆಯಲ್ಲಿ ಕೇಳಲೇಬೇಕು.

ಫೆಬ್ರುವರಿ 19, ಗುರುವಾರ

ಸೂಟ್‌ಕೇಸನ ವಿಷಯ ಕೇಳಲು ಸಮಯವಾಗಲಿಲ್ಲ. ನನಗೇ ಹೊಸ ಕೆಲಸ ಬಂದಿದೆ. ರೋಗಿಗಳಿಗೆ ಎಲ್ಲವನ್ನೂ ವಿವರಿಸುವುದು ನನ್ನಂಥವರಿಂದಲೇ ಆಗಬೇಕೆಂದು ಸರ್ಜನ್ ಪಟ್ಟುಹಿಡಿದರು. "ನಾವು ಹೇಳಿದ್ರೆ ಹೆದರ್ತಾರೆ ಸರ್. ನೀವು ಹೇಳಿದ್ರೆ ಕೇಳ್ತಾರೆ."

ಕೆಳಗೆ ರೋಗಿಗಳು ಕಾಯುವ ಹಾಲ್‌ನಲ್ಲಿ ಬೆನ್ನಿಗೆ ದಿಂಬಿರುವ ಕುರ್ಚಿ ಹಾಕಿಸಿದ್ದರು. ರಬ್ಬರ್ ಜಠರವನ್ನು ಮಡಿಲಲ್ಲಿಟ್ಟುಕೊಂಡು ಮಾತಾಡಿದೆ. ಪರದೆಯ ಹೋಲಿಕೆ ಕೊಟ್ಟೆ: ಕಿಟಕಿಗೆ ಪರದೆ ಇದೆ, ಸಡಿಲವಾಗಿ ಜೋತುಬಿದ್ದಿದೆ, ಗಾಳಿ ನುಗ್ಗುತ್ತದೆ, ನೆರಿಗೆ ಹಿಡಿದು ಕೊಕ್ಕೆ ಹಾಕಿದರೆ ನಿಲ್ಲುತ್ತದೆ. ಒಬ್ಬ ಮುದುಕ, "ಇಷ್ಟೇನಾ? ಇದಕ್ಕಾ ಇಷ್ಟು ದಿನ ಹೆದರ್ಕೊಂಡಿದ್ದೆ?" ಎಂದ. ಸಂತೋಷವಾಯಿತು.

ಮುಗಿದ ಮೇಲೆ ಸರ್ಜನ್ ಬದಿಗೆ ಕರೆದರು. "ಅದ್ಭುತ ಸರ್. ಒಂದೇ ಒಂದು... ನೀವು 'ಹರಿಯಬಹುದು' ಅಂದ ಕೂಡ್ಲೇ ಇಬ್ಬರು ಎದ್ದು ಹೋದ್ರು. ಪಾಪ, ಚಿಕಿತ್ಸೆ ಬೇಕಾಗಿದ್ದವರು."

ಯೋಚಿಸಿದೆ. ಬಟ್ಟೆ ಹರಿಯುತ್ತದೆ, ಕಾಗದ ಹರಿಯುತ್ತದೆ. ಜೀವಂತ ಮಾಂಸಕ್ಕೆ ಆ ಪದ ಅಷ್ಟು ನಿಖರವೇ? 'ಸಡಿಲಾಗಬಹುದು' ಎಂಬುದು ಹೆಚ್ಚು ಸೂಕ್ಷ್ಮ. ನಾನೇ ಸೂಚಿಸಿದೆ, ಅವರು ಕೇಳಿಕೊಂಡಿದ್ದಲ್ಲ.

ಮನೆಗೆ ಬಿಡಲು ಕಾರು ಕಳಿಸಿದರು. ಬೇಡವೆಂದೆ. ಎರಡನೇ ಸಲ ಹೇಳುವಷ್ಟರಲ್ಲಿ ಡ್ರೈವರ್ ಬಾಗಿಲು ತೆರೆದಿದ್ದ.

ಮಾರ್ಚ್ 5, ಗುರುವಾರ

ಅಕ್ಕನೂ ಸೇರುತ್ತಾಳಂತೆ.

ಅವಳ ಅವಸ್ಥೆ ನೋಡಲಾಗದು. ಎಷ್ಟೋ ವರ್ಷಗಳಿಂದ ಕುರ್ಚಿಯಲ್ಲಿ ಕೂತೇ ನಿದ್ದೆ. ಬೆನ್ನು ಹಾಸಿಗೆಗೆ ತಾಗಿದರೆ ಗಂಟಲಿಗೆ ಬೆಂಕಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದಾಗ ಅವಳ ದನಿ ಕೇಳಲೆಂದೇ ಜನ ತಪ್ಪು ನಂಬರು ಕೇಳುತ್ತಿದ್ದರು ಎನ್ನುತ್ತಾರೆ. ಆ ದನಿ ಈಗ ಸವೆದ ಚಪ್ಪಲಿಯ ಸದ್ದಿನಂತಾಗಿದೆ.

ಆಸ್ಪತ್ರೆಯ ಹಾಲ್‌ನಲ್ಲಿ ಹೇಳುವುದನ್ನೆಲ್ಲ ಅವಳೊಬ್ಬಳಿಗೆ ಅಡುಗೆಮನೆಯಲ್ಲಿ ವಿವರಿಸಿದೆ. ಅವಳು ತರಕಾರಿ ಹೆಚ್ಚುತ್ತಿದ್ದಳು. ಪರದೆ, ನೆರಿಗೆ, ಆಧಾರಬಿಂದು. ಕೊಕ್ಕೆ ಎಂದರೆ ಜನ ಮೀನಿನ ಗಾಳ ನೆನೆಸಿಕೊಳ್ಳುತ್ತಾರೆ. ಆದ್ದರಿಂದ ಈಗ ಆಧಾರಬಿಂದು ಎನ್ನುತ್ತೇನೆ.

"ಅರ್ಥ ಆಯ್ತಾ ಅಕ್ಕ?"

"ಆಯ್ತು ಕಣೋ."

"ಏನಾದರೂ ಕೇಳೋದಿದೆಯಾ?"

"ಅಂಗಾತ ಮಲಗೋಕೆ ಆಗತ್ತೇನೋ?"

"ಆಗತ್ತೆ."

"ಮತ್ತೇನು ಕೇಳ್ಲಿ? ನೀನು ಹೇಳ್ತಿದೀಯಲ್ಲ, ಸಾಕು ಬಿಡು."

ಇಷ್ಟು ಸ್ಪಷ್ಟವಾದ ಒಪ್ಪಿಗೆಯನ್ನು ನಾನು ಇದುವರೆಗೆ ಕಂಡಿಲ್ಲ.

ನಾನು ಸಮಿತಿಯಲ್ಲಿದ್ದು ಅಕ್ಕ ಪ್ರಯೋಗಕ್ಕೆ ಬಂದರೆ ಸರಿಯಾದೀತೇ ಎಂದು ಅಧ್ಯಕ್ಷರನ್ನು ಕೇಳಿದೆ. ನಗರಸಭೆಯ ಹಿಂದಿನ ಅಧ್ಯಕ್ಷನೊಬ್ಬ ತನ್ನ ಷಡ್ಡಕನಿಗೆ ಚರಂಡಿ ಕೆಲಸ ಕೊಡಿಸಿದಾಗ ವರ್ಷವಿಡೀ ಪತ್ರಿಕೆಯಲ್ಲಿ ಬರೆದವನು ನಾನು. ಸಮಿತಿಯ ಅಧ್ಯಕ್ಷರು, "ನಿಮ್ಮ ಅಕ್ಕನನ್ನೇ ಕಳಿಸ್ತಿದ್ದೀರಿ ಅಂದ್ರೆ ಅದಕ್ಕಿಂತ ದೊಡ್ಡ ನೈತಿಕತೆ ಯಾವುದಿದೆ?" ಎಂದರು. ನಿಜ. ಅದು ಚರಂಡಿ, ಇದು ಜಠರ.

ಮಾರ್ಚ್ 18, ಬುಧವಾರ

ಆಯಿತು. ನಾಲ್ಕು ಲಂಗರು.

ಗಾಜಿನ ಆಚೆಯಿಂದ ನೋಡಲು ನನಗೆ ಅವಕಾಶ ಕೊಟ್ಟರು. ಸೂಟ್‌ಕೇಸ್ ಹಸಿರು ಗೌನು ತೊಟ್ಟು ಸರ್ಜನ್ನರ ಭುಜಕ್ಕೆ ಭುಜ ತಾಗಿಸಿ ನಿಂತು, "ಇನ್ನೊಂಚೂರು ಎಡಕ್ಕೆ ಸರ್, ಈಗ ಒತ್ತಿ, ಈಗ ದಾರ," ಎನ್ನುತ್ತಿದ್ದ. ಮಾರುವವನೇ ಮಾರಿದ್ದನ್ನು ಹಾಕಿಸುತ್ತಾನಲ್ಲ ಎಂದು ಕ್ಷಣಕಾಲ ಅನ್ನಿಸಿತು. ಆದರೆ ವಸ್ತುವಿನ ಬಗ್ಗೆ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಜನ ಹೀಗೆ ಅರೆಬರೆ ತಿಳಿದೇ ಪತ್ರಿಕೆಗೆ ಬರೆಯುತ್ತಾರೆ.

ಎಚ್ಚರವಾದ ಮೇಲೆ ಅಕ್ಕ, "ಗಂಟಲಲ್ಲಿ ಬಸ್ಸು ಹೋಗಿ, ರಿವರ್ಸ್ ಬಂದ ಹಾಗಿದೆ ಕಣೋ," ಎಂದಳು.

ಮಾರ್ಚ್ 22, ಭಾನುವಾರ

ಅಕ್ಕ ಅಂಗಾತ ಮಲಗಿದಳು. ಮಧ್ಯಾಹ್ನ ಊಟದ ಮೇಲೆ, ನೆಲದ ಮೇಲೆ ಹಾಸಿಗೆ ಹಾಸಿಕೊಂಡು, ಕೈಕಾಲು ಚಾಚಿ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಅತ್ತಿಗೆ ಇಷ್ಟು ಉದ್ದ ಇದ್ದಾರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ರೀ," ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ಬೇರೆ ಕಡೆ ನೋಡಿದೆ.

ಏಪ್ರಿಲ್ 2, ಗುರುವಾರ

ಭಾನುವಾರ ನಮ್ಮ ಬೀದಿಯ ನಿವಾಸಿಗಳ ಸಂಘದವರು ನನಗೆ ಸನ್ಮಾನ ಮಾಡುತ್ತಾರೆ. ವಿಜ್ಞಾನಕ್ಕೂ ಜನರಿಗೂ ನಡುವೆ ಸೇತುವೆಯಾದವನು ಎಂದು. ಸೇತುವೆ ಎಂಬ ಪದ ಬೇಡವೆಂದೆ, ಈ ಊರಿಗೆ ಅದರ ನೆನಪು ಒಳ್ಳೆಯದಲ್ಲ. ಬೆಳಗಿನಿಂದ ಭಾಷಣ ತಿದ್ದುತ್ತಿದ್ದೇನೆ. ಆರಂಭದ ವಾಕ್ಯವೇ ಕೈಗೆ ಸಿಗುತ್ತಿಲ್ಲ.

ಹಲ್ಲುಜ್ಜುವಾಗ ಎಡಪಕ್ಕೆಯ ಕೆಳಗೆ ಏನೋ ಟಪ್ ಎಂದು ಬಿಚ್ಚಿಕೊಂಡ ಹಾಗಾಯಿತು ಎಂದು ಅಕ್ಕ ಬಂದು ಹೇಳಿದಳು. ಪರದೆ ಹೊಸದಾಗಿ ಹಾಕಿದಾಗ ಉಂಗುರಗಳು ತಾವಾಗಿ ಹೊಂದಿಕೊಳ್ಳುತ್ತವೆ ಎಂದು ಸಮಾಧಾನ ಹೇಳಿದೆ. "ಹೌದಾ? ಸರಿ," ಎಂದು ಹೋದಳು. 'ಹೊಂದಿಕೆ' ಎಂಬುದನ್ನೇ ಭಾಷಣದ ಆರಂಭಕ್ಕೆ ತೆಗೆದುಕೊಂಡರೆ ಹೇಗೆ?

ಏಪ್ರಿಲ್ 5, ಭಾನುವಾರ

ಸಾಂಗವಾಗಿ ನಡೆಯಿತು. ಅಂಗಳ ತುಂಬಿತ್ತು. ಬಾಡಿಗೆ ಕುರ್ಚಿಯವನು ಕುರ್ಚಿಗಳನ್ನು ಗೇಟಿನ ಬಳಿ ಒಟ್ಟಿ ಹೋಗಿಬಿಟ್ಟಿದ್ದ; ನಾನು ಇಸ್ತ್ರಿ ಮಾಡಿದ ಅಂಗಿಯಲ್ಲಿದ್ದೆ. ಅಕ್ಕ, ಹೆಂಡತಿ ಸೇರಿ ಸಾಲಾಗಿ ಹಾಕಿದರು. ಸರ್ಜನ್ ಬಂದು ನನ್ನ ಬಗ್ಗೆ ಎರಡು ಮಾತಾಡಿದರು. 'ಜನರ ದನಿ' ಎಂದರು. ನಾನು ಹೊಂದಿಕೆಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದೆ. ಯಾರೂ ಎದ್ದು ಹೋಗಲಿಲ್ಲ. ಊಟ ಆಮೇಲೆ ಇತ್ತು ಎಂದು ಹೆಂಡತಿ ನೆನಪಿಸುತ್ತಾಳೆ.

ಏಪ್ರಿಲ್ 13, ಸೋಮವಾರ

ಅಕ್ಕ ಮತ್ತೆ ಕುರ್ಚಿಯಲ್ಲಿ ಕೂತು ಮಲಗುತ್ತಿದ್ದಾಳೆಂದು ಇವತ್ತು ಗೊತ್ತಾಯಿತು. ಹೆಂಡತಿಗೆ ಮೊದಲೇ ಗೊತ್ತಿತ್ತಂತೆ.

"ನನಗೇಕೆ ಹೇಳಲಿಲ್ಲ?"

"ಅವನ ಹೆಸರು ಕೆಡತ್ತೆ, ಸುಮ್ನಿರು ಅಂದ್ರು ಅತ್ತಿಗೆ. ನಿಮ್ಮ ಹೆಸರಿಗೆ ಅವರ ಹೊಟ್ಟೆ ಕಾವಲಾಗ್ಬೇಕಾ?"

ಆಸ್ಪತ್ರೆಗೆ ಕರೆದೊಯ್ದೆ. ಕೊಳವೆ ಇಳಿಸಿ ನೋಡಿದರು. ನಾಲ್ಕು ಆಧಾರಬಿಂದುಗಳಲ್ಲಿ ಎರಡು ಸ್ಥಾನಾಂತರಗೊಂಡಿವೆ. ಮಡಿಕೆ ಬಿಚ್ಚಿದೆ, ಅಲ್ಲಿ ಗಾಯವಾಗಿದೆ. ಸರ್ಜನ್ ಇವತ್ತು ನಗಲಿಲ್ಲ. "ಮನೇಲಿ ಏನಾದ್ರೂ ಭಾರ ಎತ್ತಿದ್ರಾ ಸರ್?" ಎಂದು ಕೇಳಿದರು. ಕುರ್ಚಿಗಳು ನೆನಪಾದವು.

ಏಪ್ರಿಲ್ 16, ಗುರುವಾರ

ತುರ್ತು ಸಭೆ. ಪ್ರಶ್ನೆ ಒಂದೇ: ಲಂಗರು ತಾನಾಗಿ ಕಿತ್ತಿತೋ, ರೋಗಿ ಕೀಳಿಸಿಕೊಂಡಳೋ? ತಾನಾಗಿ ಕಿತ್ತಿದ್ದರೆ ಪ್ರಯೋಗ ನಿಲ್ಲಬೇಕು. ಇದುವರೆಗೆ ಹಾಕಿಸಿಕೊಂಡವರನ್ನೆಲ್ಲ ಕರೆಸಿ ಒಬ್ಬೊಬ್ಬರ ಒಳಗೂ ನೋಡಬೇಕು, ಅಕ್ಕನ ಹೊಟ್ಟೆಯನ್ನು ಆಸ್ಪತ್ರೆಯೇ ಮೊದಲಿನಂತೆ ಮಾಡಿಕೊಡಬೇಕು. ರೋಗಿಯ ಅಜಾಗರೂಕತೆಯಾದರೆ ಅವಳ ಹೆಸರು ಬಿಟ್ಟು ಮುಂದುವರಿಯಬಹುದು.

ನಾನು ಹೊರಗೆ ಹೋಗುತ್ತೇನೆಂದೆ. ಅಧ್ಯಕ್ಷರು ಕೂರಿಸಿದರು. "ಮನೆಯ ಸಂಗತಿ ನಿಮಗಿಂತ ಯಾರಿಗೆ ಗೊತ್ತು? ಭಾರ ಎತ್ತಿದ್ದು ನಿಜವೇ?"

"ನಿಜ," ಎಂದೆ. ಸತ್ಯವನ್ನಲ್ಲದೆ ಬೇರೇನನ್ನೂ ಹೇಳಲಿಲ್ಲ. ಸ್ವಂತ ಅಕ್ಕನಾದರೂ ಪಕ್ಷಪಾತ ತೋರಲಿಲ್ಲ. ಇಂಥ ನಿಷ್ಠುರತೆಯನ್ನು ಈ ಊರು ಕಂಡು ಎಷ್ಟು ಕಾಲವಾಯಿತು! ಹೇಗೆ ಬರೆಯುವುದೆಂದು ಎಲ್ಲರೂ ತಡವರಿಸುತ್ತಿದ್ದಾಗ ನಾನೇ ಪದ ಕೊಟ್ಟೆ: 'ಅನಿಯಂತ್ರಿತ ಚಲನೆಯಿಂದ ಒದಗಿದ ಸಡಿಲಿಕೆ.' ಸರ್ಜನ್ ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡರು. ಸೂಟ್‌ಕೇಸ್ ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆ ಸರಿಸಿದ. ಒಳ್ಳೆಯ ಬಿಸ್ಕತ್ತು, ಗೋಡಂಬಿ ಇತ್ತು.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ಆ ಕುರ್ಚಿ ಯಾರ ಸನ್ಮಾನಕ್ಕೆ ಹಾಕಿದ್ದು ಅಂತಲೂ ಹೇಳಿದ್ರಾ?"

"ಅದು ಅಪ್ರಸ್ತುತ."

"ಅದಕ್ಕೂ ಮೊದಲೇ, ಗುರುವಾರಾನೇ, ಬಿಚ್ಚಿಕೊಂಡ ಹಾಗಾಯ್ತು ಅಂತ ನಿಮ್ಮ ಹತ್ರಾನೇ ಬಂದು ಹೇಳಿದ್ರಲ್ಲಾ ಅತ್ತಿಗೆ? ನಾನು ಇಲ್ಲೇ ಇದ್ದೆ!"

ನನಗೆ ನೆನಪಿಲ್ಲ. ನನ್ನ ನೆನಪಿನ ಬಗ್ಗೆ ಈ ಊರಿನಲ್ಲಿ ಎರಡು ಮಾತಿಲ್ಲ. ನನಗೆ ನೆನಪಿಲ್ಲವೆಂದರೆ ಅಂಥದ್ದು ನಡೆದಿರಲಾರದು.

ಅಕ್ಕ ಒಳಗಿನಿಂದ, "ಬಿಡೇ, ಅವನಿಗೆ ಹಸಿವಾಗಿರತ್ತೆ. ಮೊದ್ಲು ಬಡ್ಸು," ಎಂದಳು.

ಏಪ್ರಿಲ್ 20, ಸೋಮವಾರ

ಹತ್ತು ಗಂಟೆಗೆ ಆಸ್ಪತ್ರೆಯ ಮಹಡಿಯಲ್ಲಿ ಸರ್ಜನ್ನರ ಜೊತೆ ಕೂತಿದ್ದೆ. ನರ್ಸ್ ಓಡಿಬಂದಳು. "ಸರ್, ಕೆಳಗೆ ಒಬ್ಬರು ನಿಮ್ಮ ಕುರ್ಚೀಲಿ ಕೂತು ಮಾತಾಡ್ತಿದ್ದಾರೆ."

ಇಳಿದು ಹೋದೆ. ಅಕ್ಕ. ದಿಂಬಿನ ಕುರ್ಚಿಯಲ್ಲಿ, ಎಡಪಕ್ಕೆಗೆ ಕೈ ಒತ್ತಿಕೊಂಡು. ದನಿ ಒಡೆದಿತ್ತು, ಆದರೂ ಕೊನೆಯ ಸಾಲಿನ ತನಕ ಕೇಳುತ್ತಿತ್ತು. ಎಕ್ಸ್‌ಚೇಂಜಿನ ಅಭ್ಯಾಸವಿರಬೇಕು.

"ಒಳಗಡೆ ಮಡಿಸ್ತಾರೆ, ಕೊಕ್ಕೆ ಹಾಕ್ತಾರೆ. ಕೊಕ್ಕೆ ಕಿತ್ತು ಬರಬಹುದು. ಬಂದ್ರೆ ಅಲ್ಲಿ ಹರಿಯತ್ತೆ. ನನಗೆ ಹರಿದಿದೆ. ಮೊದ್ಲು ಕೆಲವು ದಿನ ಚೆನ್ನಾಗಿತ್ತಮ್ಮ, ಸುಳ್ಳು ಹೇಳಬಾರದು. ಅಂಗಾತ ಮಲಗಿದ್ದೆ. ಎಷ್ಟು ಸುಖ ಅಂತೀರಿ! ಇಷ್ಟು ತಿಳ್ಕೊಂಡು ಆಮೇಲೂ ಬೇಕು ಅನ್ಸಿದ್ರೆ ಮಾಡಿಸ್ಕೊಳ್ಳಿ."

ಹೋಲಿಕೆಯಿಲ್ಲ, ಪೀಠಿಕೆಯಿಲ್ಲ, ಒಂದೇ ಪದ ಎರಡೆರಡು ಸಲ. ಶೈಲಿ ಎಂಬುದೇ ಇಲ್ಲ. ಆದರೆ ಜನ ಪ್ರಶ್ನೆ ಕೇಳುತ್ತಿದ್ದರು. ನನ್ನ ಇಷ್ಟು ದಿನದ ವಿವರಣೆಯಲ್ಲಿ ಯಾರೂ ಪ್ರಶ್ನೆ ಕೇಳಿರಲಿಲ್ಲ. ನಾನು ಅದನ್ನು ಸ್ಪಷ್ಟತೆಯ ಗುರುತೆಂದು ತಿಳಿದಿದ್ದೆ, ಈಗಲೂ ಹಾಗೆಯೇ ತಿಳಿದಿದ್ದೇನೆ. ಒಂದಿಬ್ಬರು ಚೀಲ ಎತ್ತಿಕೊಂಡರು. ಮೆಟ್ಟಿಲ ಮೇಲೆ ಸರ್ಜನ್, ಅವರ ಹಿಂದೆ ಸೂಟ್‌ಕೇಸ್ ಬಂದು ನಿಂತದ್ದು ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು.

"ದಯವಿಟ್ಟು ತಾವು ಇಲ್ಲಿಂದ ಎದ್ದೇಳಬೇಕು," ಎಂದೆ.

"ತಾವಾ?" ಎಂದು ಅಕ್ಕ ನಕ್ಕಳು. ನಗು ಪಕ್ಕೆಗೆ ಚುಚ್ಚಿರಬೇಕು, ತಟ್ಟನೆ ನಿಂತಿತು.

ಮುಂದಿನ ಸಾಲಿನವನೊಬ್ಬ ಕೇಳಿದ: "ಇವರು ನಿಮಗೆ ಏನಾಗ್ಬೇಕು ಸರ್?"

"ಅಧ್ಯಯನದಲ್ಲಿ ಭಾಗವಹಿಸಿದ ಒಬ್ಬರು," ಎಂದೆ.

ಅಕ್ಕ ನನ್ನನ್ನು ನೋಡಿದಳು. ಆಮೇಲೆ ಅವನ ಕಡೆ ತಿರುಗಿ, "ಹೌದು. ನನಗೆ ಎಲ್ಲಾ ಇವರೇ ವಿವರಿಸಿದ್ದು. ತುಂಬಾ ಚೆನ್ನಾಗಿ ವಿವರಿಸ್ತಾರೆ," ಎಂದಳು. ಕುರ್ಚಿಯ ಕೈ ಹಿಡಿದು ನಿಧಾನವಾಗಿ ಎದ್ದು, ಬಾಗಿಲಲ್ಲಿ ಕಾಯುತ್ತಿದ್ದ ನನ್ನ ಹೆಂಡತಿಯ ತೋಳು ಹಿಡಿದು ಹೋದಳು.

ನಿಯಮದ ಪ್ರಕಾರ ಅದು ಸರಿಯಾದ ಉತ್ತರ. ಸಮಿತಿಯ ಸದಸ್ಯನಾಗಿ ಕರ್ತವ್ಯದ ಮೇಲಿರುವಾಗ ನನಗೆ ಬಂಧುಗಳಿಲ್ಲ. ಮೇಲೆ ಬರೆದದ್ದನ್ನು ಮತ್ತೆ ಮತ್ತೆ ಓದಿ ನೋಡಿದೆ. ಸರಿಯಾಗಿಯೇ ಇದೆ.

ಏಪ್ರಿಲ್ 21, ಮಂಗಳವಾರ

ಬೆಳಗ್ಗೆ ಎದ್ದಾಗ ಇಬ್ಬರೂ ಇರಲಿಲ್ಲ. ಬೇರೆ ಆಸ್ಪತ್ರೆಗೆ ಹೋಗಿದ್ದಾರೆ. ಕಾಫಿ ನಾನೇ ಮಾಡಿಕೊಂಡೆ, ಉಕ್ಕಿ ಒಲೆಯೆಲ್ಲ ರಾಡಿಯಾಯಿತು.

ಹನ್ನೊಂದರ ಹೊತ್ತಿಗೆ ಅಲ್ಲಿನ ವೈದ್ಯೆ ಫೋನ್ ಮಾಡಿದರು. ಉಳಿದ ಎರಡು ಲಂಗರು ತೆಗೆದು, ಹರಿದ ಜಾಗ ಹೊಲಿಯಬೇಕು. ಎಷ್ಟು ದಿನದ ಗಾಯ ಎಂಬುದರ ಮೇಲೆ ಹೊಲಿಗೆ ನಿಲ್ಲುತ್ತದೋ ಇಲ್ಲವೋ ಅಂದಾಜು ಮಾಡುತ್ತಾರಂತೆ. "ಪೇಷೆಂಟ್‌ನ ಕೇಳಿದ್ರೆ ದಿನ ನೆನಪಿಲ್ಲ ಅಂತಾರೆ. ಅವರ ನಾದಿನಿ, ನಿಮ್ಮನ್ನೇ ಕೇಳಿ ಅಂದ್ರು. ನಿಮಗೆ ತುಂಬಾ ನೆನಪಿನ ಶಕ್ತಿಯಂತೆ. ನೀವು ಅವರಿಗೆ ಏನಾಗ್ಬೇಕು?"

"ತಮ್ಮ."

"ಸ್ವಲ್ಪ ಜೋರಾಗಿ ಹೇಳಿ, ಕೇಳಿಸ್ತಿಲ್ಲ."

"ತಮ್ಮ," ಎಂದೆ.

"ಮೊದಲು ಯಾವತ್ತು ನೋವು ಅಂದ್ರು? ಭಾರ ಎತ್ತಿದ ಭಾನುವಾರವಾ, ಅದಕ್ಕೂ ಮುಂಚೆನಾ? ಸರಿಯಾಗಿ ಯೋಚ್ನೆ ಮಾಡಿ ಹೇಳಿ. ತಪ್ಪಾದ್ರೆ ಹೊಲಿಗೆ ಮತ್ತೆ ಹರಿಯತ್ತೆ."

ಅಕ್ಕ ಪಕ್ಕದಲ್ಲೇ ಕೆಮ್ಮುತ್ತಿದ್ದುದು ಕೇಳಿಸುತ್ತಿತ್ತು.

"ಗುರುವಾರ," ಎಂದೆ. "ಬೆಳಗ್ಗೆ. ಹಲ್ಲುಜ್ಜುವಾಗ. ಟಪ್ ಅಂತು ಅಂದಳು. ಎಡಪಕ್ಕೆ ಕೆಳಗೆ."

ಆ ಕಡೆ ಪೆನ್ನಿನ ಸದ್ದು. ಆಮೇಲೆ ಕೇಳಿದರು: "ಅಲ್ಲಿ ಇನ್ನೂ ಎಷ್ಟು ಜನಕ್ಕೆ ಇದನ್ನ ಹಾಕಿದ್ದಾರೆ?"

"ಇಪ್ಪತ್ತಕ್ಕೂ ಹೆಚ್ಚು."

"ಗುರುವಾರದ ವಿಷಯ ಆ ಆಸ್ಪತ್ರೆಯವರಿಗೆ ಹೇಳಿದ್ರಾ?"

ಅವರು ಕೇಳಲಿಲ್ಲ ಎಂದೆ. ಅದು ನಿಜ. ಅವರು ಕೇಳಿದ್ದು ಭಾರ ಎತ್ತಿದಳೇ ಎಂದಷ್ಟೆ.